ಗುರುವಾರದ ಬಸ್ಸಿಗೆ ಕೊಡಬೇಕಾದ ಕತೆ

ಟೀಚರಮ್ಮನ ಹತ್ತಿರ ಆ ಕತೆಗೆ ಕೊನೆ ಅನ್ನುವುದೇ ಇರಲಿಲ್ಲ. ಬಸ್ಸು ಹೊರಡುವ ಹೊತ್ತಾಗಿತ್ತು. ನನ್ನ ಮಗಳನ್ನು ಕೇಳಿದರು, ಅವಳು ಹೇಳಿದಳು, ಇವರು ಬರೆದುಕೊಂಡರು. ನಡೆದದ್ದು ಇಷ್ಟೇ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಹೋದ ತಿಂಗಳು ರಾಯದುರ್ಗದಲ್ಲಿ, ಅವರು ಪಾಠ ಹೇಳಿದ ಕನ್ನಡ ಶಾಲೆಯಲ್ಲಿ, ಅವರ ಫೋಟೋಕ್ಕೆ ಹಾರ ಹಾಕಿ ಸಭೆ ಮಾಡಿದರು. ಶಾಲು ಹೊದ್ದ ಒಬ್ಬ ಯಜಮಾನ ಮೈಕು ಹಿಡಿದು, “ಒಬ್ಬ ಬಡ ಹುಡುಗಿಯ ಮದುವೆ ಮುರಿಯಬಾರದೆಂದು ತಮ್ಮ ಕಾದಂಬರಿಯ ಅಂತ್ಯವನ್ನೇ ತ್ಯಾಗ ಮಾಡಿದ ತಾಯಿ” ಅಂದ. ಜನ ಚಪ್ಪಾಳೆ ತಟ್ಟಿದರು. ಆ ಬಡ ಹುಡುಗಿ ಅಂದರೆ ನನ್ನ ಮಗಳು ರತ್ನ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ತಟ್ಟಲಿಲ್ಲ. ಸತ್ತವರ ತಲೆಗೆ ಸುಳ್ಳು ಕಟ್ಟಬಾರದು, ಒಳ್ಳೆಯ ಸುಳ್ಳಾದರೂ. ಸಭೆ ಮುಗಿದ ಮೇಲೆ ಶಾಲೆಯವರು, “ನೆನಪಿನ ಪುಸ್ತಕ ತರ್ತೀವಿ, ನೀವೂ ನಾಲ್ಕು ಮಾತು ಬರೀರಿ” ಅಂದರು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಲಿ, ಮಾತು ತಿದ್ದುವುದು ಬೇಡ.

ನಮ್ಮದು ಮಡಕಶಿರಾ ಕಡೆ, ರತ್ನಗಿರಿ ಬೆಟ್ಟದ ಬುಡದ ಊರು. ಗಂಡ ತೀರಿಕೊಂಡ ಮೇಲೆ ಮೈದುನಂದಿರು ಹಿಪ್ಪುನೇರಳೆ ತೋಟದಲ್ಲಿ ನನ್ನನ್ನು ಕೂಲಿಯವಳ ಹಾಗೆ ನಡೆಸಿಕೊಳ್ಳತೊಡಗಿದರು. ಕೂಲಿ ಮಾಡುವುದಾದರೆ ಕೂಲಿ ಕೊಡುವ ಊರಿನಲ್ಲೇ ಮಾಡೋಣ ಅಂತ ಮಗಳನ್ನು ಕಟ್ಟಿಕೊಂಡು ರಾಯದುರ್ಗಕ್ಕೆ ಬಂದೆ. ಆಗ ಅಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುವ ಮಿಷನ್ನು ಬರುತ್ತಿದ್ದ ಕಾಲ. ಒಂದು ಪ್ಯಾಂಟು ಒಂದೇ ಮನೆಯಲ್ಲಿ ಆಗುವುದಿಲ್ಲ. ಒಬ್ಬರು ಜೇಬು, ಒಬ್ಬರು ಕಾಲು, ಇನ್ನೊಬ್ಬರು ಸೊಂಟದ ಪಟ್ಟಿ. ರತ್ನ ಜೇಬು ಹೊಲಿಯುತ್ತಿದ್ದಳು. ನಾನು ಹೊಲಿದಾದ ಬಟ್ಟೆಯ ದಾರದ ತುದಿ ಕತ್ತರಿಸುತ್ತಿದ್ದೆ. ಕೆಳಗಿನ ಮನೆ ನಮಗೆ ಬಾಡಿಗೆ, ಮಾಳಿಗೆ ಮೇಲಿನ ತಗಡಿನ ಕೋಣೆ ಟೀಚರಮ್ಮನಿಗೆ ಬಾಡಿಗೆ.

ಅವರು ಬಳ್ಳಾರಿ ಕಡೆಯವರು. ನಮ್ಮಲ್ಲಿಗೆ ಬಂದಾಗ ಮೂವತ್ತೈದರ ಹತ್ತಿರ ಇರಬೇಕು. ಎರಡು ಟ್ರಂಕು, ಒಂದು ಕುರ್ಚಿ ತಂದರು. ಗಂಡ ಅನ್ನುವ ಮಾತಿಲ್ಲ. ಕೇಳಿದರೆ, “ಅದೊಂದು ದೊಡ್ಡ ಕತಿ ಬಿಡ್ರಿ ಅಕ್ಕಾ” ಅನ್ನುವರು. ಕತೆ ಅಂದವರು ಆ ಕತೆ ಮಾತ್ರ ಹೇಳಲಿಲ್ಲ. ಬೇರೆಯವರದ್ದನ್ನೆಲ್ಲ ಕೇಳಿದರು. ಸಂಜೆ ಶಾಲೆ ಬಿಟ್ಟ ಮೇಲೆ ಮಜ್ಜಿಗೆಗೆ ಲೋಟ ಹಿಡಿದು ಕೆಳಗೆ ಬರುವರು, ಬಟ್ಟೆ ಬಂಡಲಿನ ಮೇಲೆ ಕೂರುವರು, ಶುರು ಮಾಡುವರು.

“ಅಕ್ಕಾ, ನೀವು ಊರು ಬಿಟ್ಟು ಬಂದ ದಿನ ಮುಂಜಾನಿ ಏನ್ ಉಂಡಿದ್ರಿ?”

ಇದು ಎಂಥ ಪ್ರಶ್ನೆ? ಎಷ್ಟು ಜನ ಕೆಲಸ ಮಾಡ್ತೀರಿ, ಯಾರು ಕೊಡಿಸಿದರು ಅಂತ ಕೇಳಿದ್ದರೆ ಲೇಬರ್ ಆಫೀಸಿನ ಕಡೆಯವರು ಅಂತ ತಿಳಿಯಬಹುದಿತ್ತು. ಏನು ಉಂಡಿರಿ ಅಂತ ಕೇಳುವ ಆಫೀಸು ಯಾವುದು? ನಾನು ಮುದ್ದೆ, ಹುರಳಿಕಾಳು ಸಾರು ಅಂದೆ. ನಿಜಕ್ಕೂ ಆ ದಿನ ಒಲೆ ಹಚ್ಚಿರಲಿಲ್ಲ. ಅದನ್ನು ಅವರಿಗೆ ಯಾಕೆ ಹೇಳಲಿ?

ಆ ಹುರಳಿಕಾಳು ಸಾರು ಅಚ್ಚಾಗಿ ಬಂತು.

ಟೀಚರಮ್ಮ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದಾರೆ ಅಂತ ನಮಗೆ ತಿಳಿದದ್ದು ಹಾಗೆ. ರತ್ನನಿಗೆ ಓದು ಚೆನ್ನಾಗಿ ಬರುತ್ತಿತ್ತು. ಪತ್ರಿಕೆ ತಂದು ಓದಿದಳು. ಪಾರ್ವತಿ ಅಂತ ಒಬ್ಬ ಹುಡುಗಿ, ಅವಳೂ ತಾಯಿಯ ಜೊತೆ ಹಳ್ಳಿ ಬಿಟ್ಟು ಬರುತ್ತಾಳೆ, ಬರುವ ದಿನ ಮುದ್ದೆ, ಹುರಳಿಕಾಳು ಸಾರು. ಬಂದು ಜೀನ್ಸಿಗೆ ಜೇಬು ಹೊಲಿಯುತ್ತಾಳೆ. ನಾನು ಮೇಲಕ್ಕೆ ಹೋಗಿ ಕೇಳಿದೆ.

“ಟೀಚರಮ್ಮಾ, ಇದು ನಮ್ಮ ರತ್ನ ಅಲ್ವಾ?”

“ಅಲ್ರೀ ಅಕ್ಕಾ. ಈ ಓಣ್ಯಾಗಿನ ಐದಾರು ಹುಡುಗ್ಯಾರನ್ನ ಕೂಡ್ಸಿ ಒಬ್ಬಾಕಿನ್ನ ಮಾಡೀನಿ.”

“ಬೇರೆ ಬೇರೆ ಸುರುಳಿಯ ಬಟ್ಟೆ ಸೇರಿಸಿ ಹೊಲಿದ್ರೆ ಹೊಲಿವಾಗ ಗೊತ್ತಾಗಲ್ಲ. ನೀರಿಗೆ ಹಾಕಿದ ಮೇಲೆ ಒಂದು ಕಾಲು ಒಂದು ಬಣ್ಣ, ಇನ್ನೊಂದು ಕಾಲು ಇನ್ನೊಂದು ಬಣ್ಣ ಆಗ್ತದೆ.”

“ಅಯ್ಯ, ಈ ಮಾತೂ ಬರ್ಕೊಳ್ಳೇನ್ರಿ?” ಅಂದು ಪೆನ್ನು ಹುಡುಕತೊಡಗಿದರು. ಅವರ ಬಳಿ ಜಗಳ ಆಡುವುದೂ ಕಷ್ಟ. ಬೈದರೆ ಬರೆದುಕೊಳ್ಳುತ್ತಿದ್ದರು.

ಆಮೇಲೆ ತಿಳಿಯಿತು, ಕತೆ ಪೂರ್ತಿ ಇರಲೇ ಇಲ್ಲ ಅಂತ. ಸಂಪಾದಕರಿಗೆ “ಕಾದಂಬರಿ ಸಿದ್ಧವಾಗಿದೆ” ಅಂತ ಬರೆದು ಕಳಿಸಿದ್ದರು. ಸಿದ್ಧವಾಗಿದ್ದದ್ದು ಮೊದಲ ಒಂದೆರಡು ಅಧ್ಯಾಯ. ಅವರು ನಂಬಿ ಅಚ್ಚಿಗೆ ಹಾಕಿದರು. ಅಲ್ಲಿಂದ ಶುರುವಾಯಿತು ನೋಡಿ ಇವರ ಪಾಡು. ಪ್ರತಿ ಗುರುವಾರ ಮಧ್ಯಾಹ್ನದ ಬಳ್ಳಾರಿ ಬಸ್ಸಿನ ಕಂಡಕ್ಟರ್ ಕೈಗೆ ಕವರು ಕೊಡಬೇಕು. ಬಳ್ಳಾರಿಯಲ್ಲಿ ಅವರ ತಮ್ಮ ಇಸಿದುಕೊಂಡು ಬೆಂಗಳೂರಿಗೆ ದಾಟಿಸಬೇಕು. ಒಂದು ಗುರುವಾರ ತಪ್ಪಿದರೆ ಆ ವಾರ ಪತ್ರಿಕೆಯಲ್ಲಿ ಆ ಪುಟ ಖಾಲಿ.

ಮುಗಿಸದೆ ಮುಗಿಸಿದ್ದೇನೆ ಅಂದವರನ್ನು ನಾನು ಹೇಗೆ ನಂಬಲಿ? ನಾನು ಒಂದು ದಿನವೂ ನಂಬಲಿಲ್ಲ. ಆದರೆ ಅವರು ಪಟ್ಟ ಪಾಡು ಕಂಡಿದ್ದೇನೆ, ಅದನ್ನೂ ಹೇಳಬೇಕು.

ಬರೆಯುವಾಗ ಮೇಲೆ ಸದ್ದಿರುತ್ತಿರಲಿಲ್ಲ. ಬರೆಯಲು ಆಗದಿದ್ದರೆ ನಡೆಯುತ್ತಿದ್ದರು. ಸೋಮವಾರ ನಡಿಗೆ ನಿಧಾನ. ಬುಧವಾರದ ಹೊತ್ತಿಗೆ ನಮ್ಮ ತಲೆಯ ಮೇಲೆ ಗಾಣದ ಎತ್ತು ಸುತ್ತಿದ ಹಾಗೆ. ರತ್ನ ಮಿಷನ್ನು ತುಳಿಯುತ್ತಲೇ, “ಅಮ್ಮಾ, ಪಾರ್ವತಿ ಸಿಕ್ಕಿಲ್ಲ ಇನ್ನೂ” ಅನ್ನುತ್ತಿದ್ದಳು. ನಡೆದು ಸಾಕಾದರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವರು. ಅದೂ ಸಾಕಾದರೆ ಕೆಳಗಿಳಿದು ನಮ್ಮ ಅಂಗಳ ಗುಡಿಸುವರು. ನಾನು ಗುಡಿಸಿ ಅರ್ಧ ಗಂಟೆಯೂ ಆಗಿರುತ್ತಿರಲಿಲ್ಲ. “ಯಾಕೆ ಟೀಚರಮ್ಮ, ನಾನು ಗುಡಿಸಿದ್ದು ಸರಿ ಇಲ್ವಾ?” ಅಂದರೆ, “ಇಲ್ರೀ, ಕೈ ಸುಮ್ನ ಇರವಲ್ದು” ಅನ್ನುವರು. ಕೈ ಸುಮ್ಮನಿರದಿದ್ದರೆ ಮೇಲೆ ಹೋಗಿ ಬರೆಯಬಾರದೇ? ಅದನ್ನು ಮಾತ್ರ ಮಾಡರು.

ಕತ್ತರಿ ಹಿಡಿದು ನನ್ನ ಪಕ್ಕ ಕೂತು ದಾರ ಕತ್ತರಿಸಲು ಬಂದದ್ದೂ ಉಂಟು. ಒಂದು ಸಲ ದಾರದ ಬದಲು ಬೆಲ್ಟು ತೂರಿಸುವ ಪಟ್ಟಿಯನ್ನೇ ಕತ್ತರಿಸಿದರು. ಹೊಲಿಗೆ ಕೊಡುವ ಮಾಲೀಕ ಬಂದು ನನಗೆ ಬೈದ. ಇವರು ಆ ಬೈಗುಳವನ್ನು ಬಾಗಿಲ ಸಂದಿಯಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ಮುಂದಿನ ಕಂತಿನಲ್ಲಿ ಒಬ್ಬ ಮಾಲೀಕ ಬಂದ, ಅದೇ ಬೈಗುಳ ಬೈದ. ಬೇಕೆಂದೇ ಕತ್ತರಿಸಿದರೋ ಅಂತ ನನಗೆ ಇವತ್ತಿಗೂ ಅನುಮಾನ.

ಶಾಲೆಗೆ ಚೀಟಿ ಕಳಿಸುತ್ತಿದ್ದರು, ಮೈಯಲ್ಲಿ ಹುಷಾರಿಲ್ಲ, ರಜೆ ಬೇಕು ಅಂತ. ಅದೇ ದಿನ ಸಂಪಾದಕರಿಗೆ ಎಸ್‌ಟಿಡಿ ಅಂಗಡಿಯಿಂದ ಫೋನು ಮಾಡಿ, “ನಾನು ಆರಾಮಿದ್ದೀನ್ರಿ, ಕಂತು ಗುರುವಾರ ಬಂದ ಬರ್ತೈತ್ರಿ” ಅನ್ನುವರು. ಎರಡೂ ಸುಳ್ಳು. ಬುಧವಾರ ಸಂಜೆ ಅವರ ಮುಖ ನೋಡಿದ್ದರೆ ಯಾರೂ ಆರಾಮ ಅನ್ನುತ್ತಿರಲಿಲ್ಲ. ಹಾಗಂತ ಜ್ವರವೂ ಇರುತ್ತಿರಲಿಲ್ಲ. ರಾಯದುರ್ಗ ಆಂಧ್ರಕ್ಕೆ ಸೇರಿದ್ದು, ಕಂಡಕ್ಟರ್ ತೆಲುಗಿನವ, ತಮಾಷೆಯ ಮನುಷ್ಯ. ಬಸ್ಸನ್ನು ನಮ್ಮ ಬೀದಿಯ ಮೂಲೆಯಲ್ಲಿ ನಿಲ್ಲಿಸಿ, “ಏಂ ಮೇಡಂ, ಈ ವಾರಂ ಕತ ಅಯಿಂದಾ ಲೇದಾ?” ಅಂತ ಕೂಗುವನು. ಆಯಿತೋ ಇಲ್ಲವೋ ಅಂತ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ ನೋಡುವರು. ಟೀಚರಮ್ಮ ಒದ್ದೆ ಶಾಯಿಯ ಹಾಳೆಗೆ ಬಾಯಿಂದ ಊದುತ್ತ ಓಡುವರು.

ಅಷ್ಟರಲ್ಲಿ ರತ್ನನಿಗೆ ನಮ್ಮ ಮಡಕಶಿರಾ ಕಡೆಯ ಅಗಳಿ ಅನ್ನುವ ಊರಿನಿಂದ ಸಂಬಂಧ ಬಂತು. ಕಿರಾಣಿ ಅಂಗಡಿಯ ಮನೆ, ಒಬ್ಬನೇ ಮಗ. ಗಂಡನಿಲ್ಲದವಳು ಮಗಳನ್ನು ಪರಊರಿಗೆ ಕರೆದುಕೊಂಡು ಹೋಗಿ ಗಂಡಸರ ಪ್ಯಾಂಟು ಹೊಲಿಸುತ್ತಿದ್ದಾಳೆ ಅಂತ ನಮ್ಮ ಊರಲ್ಲಿ ಆಡಿಕೊಳ್ಳದ ಬಾಯಿಲ್ಲ. ಆ ಬಾಯಿ ಮುಚ್ಚಬೇಕಾದರೆ ಇಂಥ ಮನೆಯೇ ಆಗಬೇಕು ಅಂತ ನನಗಿತ್ತು. ಇದು ತಪ್ಪಿದರೆ, ಹೆಸರು ಕೆಟ್ಟು ತಪ್ಪಿದರೆ, ಇನ್ನೊಂದು ಬರುವುದಿಲ್ಲ ಅಂತಲೂ ಇತ್ತು.

ಹುಡುಗಿ ನೋಡಲು ಹುಡುಗನ ತಾಯಿ ಬಂದಳು. ಕಾಫಿ ಕೊಡಲು ಕೈ ಸಾಲದು ಅಂತ ಟೀಚರಮ್ಮ ಕೆಳಗೆ ಬಂದಿದ್ದರು. ಇವರು ಇಂಥವರು, ಕತೆ ಬರೆಯುತ್ತಾರೆ ಅಂತ ನಾನೇ ಹೇಳಿದೆ, ಹಿರಿಮೆಗೆ. ಆಕೆ ಕಾಫಿ ಲೋಟ ಕೆಳಗಿಟ್ಟಳು.

“ಅಯ್ಯೋ, ಪಾರ್ವತಿ ಕತೆ ಬರೆಯೋರು ನೀವೇನಾ! ಶಿರಾದಿಂದ ಬಸ್ಸಲ್ಲಿ ಪುಸ್ತಕ ತರಿಸ್ತೀನಿ ಕಣ್ರೀ, ಒಂದು ವಾರ ಬಿಟ್ಟಿಲ್ಲ. ಆ ಹುಡುಗಿ ಮುಂದೆ ಏನು ಮಾಡ್ತಾಳೆ?”

“ನೋಡೋಣು ಬರ್ರಿ” ಅಂದರು ಟೀಚರಮ್ಮ. ಏನು ಕೇಳಿದರೂ ಅವರದು ಅದೇ ಮಾತು.

ರತ್ನನನ್ನು ಆಕೆ ನೋಡಿದ್ದು ಆಮೇಲೆ. ನೋಡುತ್ತ ನೋಡುತ್ತ ಆಕೆಯ ಕಣ್ಣು ಸಣ್ಣದಾಯಿತು. ರತ್ನನಿಗೊಂದು ಅಭ್ಯಾಸ. ಯೋಚನೆ ಹತ್ತಿದರೆ ತುಂಡು ದಾರವನ್ನು ಎಡಗೈ ಹೆಬ್ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ. ಆವತ್ತೂ ಸುತ್ತುತ್ತಿದ್ದಳು. ಕತೆಯ ಪಾರ್ವತಿಗೂ ಅದೇ ಅಭ್ಯಾಸ ಅಂತ ನನಗೆ ತಿಳಿದದ್ದು ಆಕೆ ಬಾಯಿಬಿಟ್ಟ ಮೇಲೆ.

“ಪಾರ್ವತಿ ಇವಳೇ ಅಲ್ವಾ?”

“ಕತೆ ಬೇರೆ, ಹುಡುಗಿ ಬೇರೆ ಕಣಮ್ಮ” ಅಂದೆ.

“ಹೂಂ. ಆದ್ರೂ ಪೂರ್ತಿ ಬರಲಿ. ಅವಳೇನು ಮಾಡ್ತಾಳೋ ನೋಡ್ಕೊಂಡು ತಾಂಬೂಲದ ಮಾತಾಡೋಣ.”

ಹೀಗೆ ನನ್ನ ಮಗಳ ಮದುವೆ ಒಂದು ವಾರಪತ್ರಿಕೆಗೆ ನೇತುಬಿತ್ತು.

ನಾನು ಅಕ್ಷರ ಕೂಡಿಸಿ ಓದುವ ಹೊತ್ತಿಗೆ ವಾರ ಕಳೆಯುತ್ತದೆ, ಅದಕ್ಕೆ ಅಲ್ಲಿಂದ ಪ್ರತಿ ಕಂತನ್ನೂ ರತ್ನನಿಂದ ಓದಿಸಿ ಕೇಳಿದೆ. ಮೊದಲು ಕೇಳದಿದ್ದವಳು ಈಗ ಯಾಕೆ ಕೇಳುತ್ತೀಯ ಅಂತ ಅವಳಿಗೆ ಸಿಟ್ಟು. ಓದುವಳು, ಆದರೆ ಒಂದೊಂದು ಕಡೆ ಅವಳ ಕಣ್ಣು ಕೆಳಗೆ ಹೋದಷ್ಟು ಬಾಯಿ ಓದುತ್ತಿರಲಿಲ್ಲ. ದಾರ ಕತ್ತರಿಸುವ ಕಣ್ಣು ನನ್ನದು, ಬಿಟ್ಟ ತುದಿ ಕಾಣದೇ ಇರುತ್ತದೆಯೇ? ಅವಳು ನೀರಿಗೆ ಹೋದಾಗ ಪುಸ್ತಕ ಸೆರಗಿಗೆ ಹಾಕಿಕೊಂಡು ಮೂಲೆಯ ಇಸ್ತ್ರಿ ಅಂಗಡಿಯ ತಾತನ ಹತ್ತಿರ ಹೋದೆ. “ಇಲ್ಲಿಂದ ಓದಪ್ಪ” ಅಂದೆ. ಅವನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಕನ್ನಡಕ ಏರಿಸಿದ.

ಪಾರ್ವತಿ ಹೊಲಿದ ಬಟ್ಟೆ ಹೊತ್ತು ತೊಳೆಯುವ ಶೆಡ್ಡಿಗೆ ಹೋಗುತ್ತಾಳೆ. ಅಲ್ಲೊಬ್ಬ ಇದ್ದಾನೆ. ಜೀನ್ಸ್ ತೊಳೆದೂ ತೊಳೆದೂ ಮೊಣಕೈತನಕ ನೀಲಿಯಾದವ. ಬಂಡಲು ಇಳಿಸಿಕೊಳ್ಳುವಾಗ ಅವಳ ಮಣಿಕಟ್ಟಿಗೆ ಅವನ ಕೈ ತಾಗಿ ನೀಲಿ ಗುರುತು ಬೀಳುತ್ತದೆ. ಮನೆಗೆ ಬಂದು ತಾಯಿಗೆ ಕಾಣದ ಹಾಗೆ ಬಳೆ ಸರಿಸುತ್ತಾಳೆ.

“ಛಲೋ ಐತಿ ನೋಡವ್ವಾ” ಅಂದ ತಾತ. “ಮುಂದಿನ ವಾರ ಓಡಿ ಹೋಗ್ತಾರ ಇವರು, ಬೇಕಾರ ಪಂದ್ಯ ಕಟ್ಟು.”

“ಬಾಯಿ ಮುಚ್ಕೊಂಡು ಇಸ್ತ್ರಿ ಮಾಡು” ಅಂದು ಪುಸ್ತಕ ಕಸಿದುಕೊಂಡು ಬಂದೆ.

ನನ್ನ ಮಗಳ ಮಣಿಕಟ್ಟನ್ನು ನಾನು ಎಷ್ಟೋ ಸಲ ನೋಡಿದ್ದೆ, ನೀಲಿ ಇತ್ತೋ ಇಲ್ಲವೋ ನೆನಪಿಲ್ಲ. ಜೀನ್ಸ್ ಹೊಲಿಯುವವರ ಕೈಯೆಲ್ಲ ನೀಲಿಯೇ. ರತ್ನ ವಾರಕ್ಕೆ ಎರಡು ಮೂರು ಸಲ ಶೆಡ್ಡಿಗೆ ಬಂಡಲು ಕೊಟ್ಟು ಬರುತ್ತಿದ್ದದ್ದು ನಿಜ. ಹೋಗಿ ಬರಲು ಹಿಡಿಯುವ ಹೊತ್ತಿನ ಬಗ್ಗೆ ನಾನು ಯೋಚಿಸಿರಲಿಲ್ಲ. ಹೊತ್ತುಕೊಂಡು ಹೋಗುವಳು, ಬರುವಳು, ಅಷ್ಟೇ ಅಂದುಕೊಂಡಿದ್ದೆ. ಮಗಳನ್ನು ಕೇಳಬಹುದಿತ್ತು. ಕೇಳಿದರೆ ಇಲ್ಲ ಅನ್ನುತ್ತಾಳೆ, ನಾನು ನಂಬುವುದಿಲ್ಲ. ಮತ್ತೆ ಕೇಳಿ ಏನು ಬಂತು? ನೇರ ಮೇಲಕ್ಕೆ ಹೋದೆ.

ಆವತ್ತು ಭಾನುವಾರ. ಟೀಚರಮ್ಮ ನೆಲದ ಮೇಲೆ ಕೂತಿದ್ದರು. ಸುತ್ತಲೂ ಮುದುಡಿದ ಹಾಳೆ. ಒಲೆಯ ಮೇಲೆ ಅನ್ನ ಸೀದ ವಾಸನೆ. ಅವರಿಗೆ ಗೊತ್ತಾಗಿರಲಿಲ್ಲ. ನಾನೇ ಇಳಿಸಿದೆ.

“ಈ ನೀಲಿ ಕೈಯವನು ಯಾರು?”

“ಯಾರೂ ಅಲ್ರೀ ಅಕ್ಕಾ. ಊರ ತುಂಬ ನೀಲಿ ಕೈ ಅದಾವಲ್ರೀ. ಕಲ್ಪನಾ ಮಾಡೀನಿ.”

“ರತ್ನ ಏನಾದ್ರೂ ಹೇಳಿದ್ಳಾ?”

“ಆಕಿ ಯಾಕ ಹೇಳ್ತಾಳ್ರಿ?”

ಪ್ರಶ್ನೆಗೆ ಪ್ರಶ್ನೆ. ಹೇಳಿಲ್ಲ ಅಂತ ಅನ್ನಲಿಲ್ಲ, ಗಮನಿಸಿ. ನಾನು ಬಾಗಿಲಿಗೆ ಅಡ್ಡ ಕೂತೆ. “ನೋಡಿ ಟೀಚರಮ್ಮ, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ಅಗಳಿಯೋರು ನಿಮ್ಮ ಕತೆ ಓದಿಕೊಂಡು ನನ್ನ ಮಗಳನ್ನ ಅಳೀತಾ ಇದ್ದಾರೆ. ಪಾರ್ವತಿ ಕೊನೆಗೆ ಏನು ಮಾಡ್ತಾಳೆ, ಅದನ್ನ ಹೇಳಿ.”

ಅವರು ಕಿವಿಯ ತುದಿ ಎಳೆದುಕೊಂಡರು. ಏನೂ ತೋಚದಾಗ ಹಾಗೆ ಮಾಡುತ್ತಿದ್ದರು. ಆ ಕಿವಿ ಯಾವಾಗಲೂ ಕೆಂಪಗಿರುತ್ತಿತ್ತು.

“ಗೊತ್ತಿಲ್ರಿ.”

“ಬರೆಯೋರು ನೀವು. ನಿಮಗೆ ಗೊತ್ತಿಲ್ಲ ಅಂದ್ರೆ?”

“ಹೆತ್ತೋರು ನೀವು. ನಿಮಗ ಗೊತ್ತೈತೇನ್ರಿ?”

ಇಂಥ ಮಾತಿಗೆ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಅವರು ಜಂಬಕ್ಕೆ ಹೇಳಿದ್ದಲ್ಲ, ಅಳು ಬರುವವರ ದನಿಯಲ್ಲಿ ಹೇಳಿದ್ದು. ಸಂಪಾದಕರು ಇನ್ನೆರಡು ಕಂತಿನಲ್ಲಿ ಮುಗಿಸಿ ಅಂತ ಬರೆದಿದ್ದರಂತೆ. ಓಡಿ ಹೋಗುತ್ತಾಳೆ ಅಂತ ಬರೆದರೆ ಕತೆಗೆ ಕಳೆ, ಮನೆಯಲ್ಲೇ ಉಳಿಯುತ್ತಾಳೆ ಅಂತ ಬರೆದರೆ ಓದುವವರು ಬೈಯುತ್ತಾರೆ, ಎರಡನ್ನೂ ಬರೆದು ನೋಡಿದೆ, ಎರಡೂ ಸುಳ್ಳು ಅನ್ನಿಸುತ್ತದೆ ಅಂದರು. “ಸುಳ್ಳೇ ಬರೆಯೋದಲ್ವಾ ನೀವು?” ಅಂದೆ. “ಸುಳ್ಳನ್ನ ಬರಿಯೋದ್ರಿ. ಆದ್ರ ಸುಳ್ಳು ಅನಿಸಬಾರದ್ರಿ” ಅಂದರು. ಇದು ಬುದ್ಧಿ ಇರುವವರ ಮಾತೋ ಇಲ್ಲದವರ ಮಾತೋ ನನಗೆ ಬಗೆಹರಿಯಲಿಲ್ಲ. ಸೀದ ಅನ್ನದ ಪಾತ್ರೆ ಕೆಳಗೆ ತಂದು ನೆನೆಹಾಕಿದೆ, ಅವರಿಗೆ ಮುದ್ದೆ ಕಳಿಸಿದೆ. ಪಾತ್ರೆ ಹಿಂದಕ್ಕೆ ಬಂದಾಗ ಅರ್ಧ ಹಾಗೇ ಇತ್ತು.

ಆಮೇಲಿನ ಮಾತು ಇಲ್ಲೇ ಹೇಳಿ ಮುಗಿಸುತ್ತೇನೆ. ಮುಂದೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಇನ್ನೊಂದು ಕಾದಂಬರಿ ಬರೆಯಲಿಲ್ಲ. ಒಂದು ಸಲ ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಕೂದಲು ಬೆಳ್ಳಗಾಗಿತ್ತು. “ಏನು, ಈಗ ಯಾರ ಮನೇದು ಬರೀತಾ ಇದ್ದೀರಿ?” ಅಂದೆ. “ಇನ್ನೊಮ್ಮೆ ಗುರುವಾರಕ್ಕ ಕೊಡ್ತೀನಿ ಅಂತ ಯಾರಿಗರ ಮಾತು ಕೊಟ್ರ ನನ್ನ ಕೈ ಮುರೀರಿ ಅಕ್ಕಾ” ಅಂದು ನಕ್ಕರು. ಬಾಯ್ತುಂಬ ನಕ್ಕರು. ಆದರೆ ನಾನು ನನ್ನ ಮಂಡಿ ನೋವಿನ ಮಾತು ತೆಗೆದಾಗ, “ನೋವು ಮೆಟ್ಲು ಹತ್ತುವಾಗ ಜಾಸ್ತಿನೋ ಇಳಿವಾಗ ಜಾಸ್ತಿನೋ?” ಅಂತ ಕೇಳಿದರು. ಡಾಕ್ಟರ್ ಕೂಡ ಕೇಳಿರಲಿಲ್ಲ. ಎಲ್ಲೋ ಬರೆಯುತ್ತಲೇ ಇದ್ದಾರೆ ಅಂದುಕೊಂಡೆ.

ಈಗ ಆ ಗುರುವಾರ.

ಕೊನೆಯ ಕಂತು ಹೋಗಬೇಕಾದ ದಿನ. ಶಾಲೆಗೆ ಹುಷಾರಿಲ್ಲ ಅನ್ನುವ ಚೀಟಿ ಹೋಗಿತ್ತು. ಬೆಳಿಗ್ಗೆಯಿಂದ ಮೇಲೆ ನಡಿಗೆ ನಿಂತಿರಲಿಲ್ಲ. ಮಧ್ಯಾಹ್ನ ಬಸ್ಸು ಬಂದು ಮೂಲೆಯಲ್ಲಿ ಹಾರನ್ ಹೊಡೆಯಿತು. ಟೀಚರಮ್ಮ ಮೆಟ್ಟಿಲು ಇಳಿದು ಬಂದರು. ಕೈಯಲ್ಲಿ ಹಾಳೆಯ ಕಟ್ಟು, ಮೇಲಿನದು ಅರ್ಧ ಬರೆದದ್ದು. ತಲೆ ಬಾಚಿರಲಿಲ್ಲ. ನನ್ನನ್ನು ನೋಡಲೇ ಇಲ್ಲ. ನೇರ ರತ್ನನ ಮಿಷನ್ನಿನ ಮುಂದೆ ಹೋಗಿ ನಿಂತರು.

“ರತ್ನಾ, ನನ್ನ ಕಡಿಂದ ಆಗವಲ್ದವ್ವಾ. ಪಾರ್ವತಿ ಏನ್ ಮಾಡ್ತಾಳ, ನೀ ಹೇಳು.”

“ಅವಳನ್ನ ಯಾಕೆ ಕೇಳ್ತೀರಿ?” ಅಂದೆ ನಾನು.

ರತ್ನ ಮಿಷನ್ನು ನಿಲ್ಲಿಸಿದಳು. ಹೊಲಿಯುತ್ತಿದ್ದ ಜೇಬನ್ನೇ ನೋಡುತ್ತ ಹೇಳಿದಳು.

“ಓಡಿ ಹೋಗಲ್ಲ ಟೀಚರ್.”

“ಯಾಕ?”

“ಓಡಿ ಹೋಗೋಕೆ ಅವನು ಇರಬೇಕಲ್ಲ. ಹೋದ ವಾರವೇ ಹೋದ. ತಿರುಪೂರಿಗಂತೆ. ಶೆಡ್ಡಿಗೆ ಹೋದಾಗ ಬೇರೆ ಯಾರೋ ಬಂಡಲು ಇಳಿಸ್ಕೊಂಡ್ರು.”

ಬೀದಿಯಲ್ಲಿ ಇನ್ನೊಂದು ಸಲ ಹಾರನ್ ಆಯಿತು.

“ಹೇಳಿ ಹೋಗಲಿಲ್ಲೇನು?” ಟೀಚರಮ್ಮನ ದನಿ ಸಣ್ಣದಾಗಿತ್ತು.

“ಇಲ್ಲ. ಅವಳು ಖಾಲಿ ಕೈಯಲ್ಲಿ ವಾಪಸ್ ಬಂದ್ಳು. ಬಂದು ಜೇಬು ಹೊಲಿತಾಳೆ. ಅಷ್ಟೇ ಟೀಚರ್. ಬರ್ಕೊಳ್ಳಿ, ಬಸ್ಸು ಹೋಗುತ್ತೆ.”

ಹೇಳಿ ಮತ್ತೆ ಮಿಷನ್ನು ತುಳಿದಳು. ದಾರ ತುಂಡಾಗಿತ್ತು, ಅವಳು ನೋಡಿರಲಿಲ್ಲ. ಸೂಜಿ ಬರಿದೇ ಮೇಲೆ ಕೆಳಗೆ ಓಡುತ್ತಿತ್ತು.

ಮೈಕಿನಲ್ಲಿ ಮಾತಾಡಿದ ಯಜಮಾನ ಆ ಹೊತ್ತು ಅಲ್ಲಿರಬೇಕಿತ್ತು. ಟೀಚರಮ್ಮ ನನ್ನ ಮಗಳ ತಲೆ ಸವರಲಿಲ್ಲ. ಅಯ್ಯೋ ಅನ್ನಲಿಲ್ಲ. ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ, ನೆಲದಲ್ಲಿ ಮಂಡಿಯೂರಿ, ಬಂಡಲಿನ ಮೇಲೆ ಹಾಳೆ ಇಟ್ಟು ಬರೆಯತೊಡಗಿದರು. ಅಷ್ಟು ಬೇಗ ಬರೆದದ್ದನ್ನು ನಾನು ಕಂಡಿರಲಿಲ್ಲ. ವಾರವಿಡೀ ಮೇಲೆ ಸುತ್ತಿದವರು ಅವರೇನಾ ಅನ್ನಿಸಿತು. ಕಂಡಕ್ಟರೇ ಇಳಿದು ಬಾಗಿಲಿಗೆ ಬಂದ. ಯಾವಾಗಲೂ ಬಾಯಿ ಹಾಕುವವನು ನಮ್ಮ ಮೂವರ ಮುಖ ನೋಡಿ ಕವರಿಗೆ ಕೈ ಚಾಚಿ ನಿಂತ. ಅವರು ಕವರು ಅಂಟಿಸಿ ಕೊಟ್ಟರು. ಬಸ್ಸು ಹೋಯಿತು.

ಹೋದ ಮೇಲೆ ಟೀಚರಮ್ಮ ಮೇಲೆ ಹತ್ತಲಿಲ್ಲ. ಕತ್ತರಿ ತೆಗೆದುಕೊಂಡು ನನ್ನ ಪಕ್ಕ ಕೂತರು. ದೀಪ ಹಚ್ಚುವ ಹೊತ್ತಿನ ತನಕ ದಾರ ಕತ್ತರಿಸಿದರು. ಒಂದು ಕಡೆಯೂ ತಪ್ಪಲಿಲ್ಲ. ಅದು ಮರುಕವೋ, ಕತೆ ಮುಗಿದ ಸಮಾಧಾನವೋ ನನಗೆ ತಿಳಿಯಲಿಲ್ಲ. ರತ್ನ ಮೊದಲೇ ಅವರಿಗೆ ಎಲ್ಲ ಹೇಳಿದ್ದಳೋ, ಅವರು ಊಹೆಯಲ್ಲಿ ಬರೆದದ್ದು ಇವಳ ಬದುಕಿಗೆ ಹೋಗಿ ತಾಗಿತೋ, ಅದೂ ತಿಳಿಯಲಿಲ್ಲ. ಇಬ್ಬರೂ ಬಾಯಿ ಬಿಡಲಿಲ್ಲ. ಒಬ್ಬರಂತೂ ಈಗ ಇಲ್ಲ.

ಅವರು ಎದ್ದು ಹೋದ ಮೇಲೆ ಮಗಳನ್ನು ಕೇಳಿದೆ.

“ಅಗಳಿಗೆ ಹೋಗ್ತೀಯೇನೇ?”

“ನೀನು ಹೋಗು ಅಂದ್ರೆ ಹೋಗ್ತೀನಮ್ಮ.”

ನನ್ನ ಮಗಳು ಹುಟ್ಟಿದಾಗಿನಿಂದ ನಾನು ಹೇಳಿದ್ದಕ್ಕೆ ಒಂದೇ ಸಲಕ್ಕೆ ಹೂಂ ಅಂದವಳಲ್ಲ. ಸೀರೆ ಕೊಳ್ಳುವಾಗಲೂ ಜಗಳ, ಸಾರಿಗೆ ಉಪ್ಪು ಹಾಕುವಾಗಲೂ ಜಗಳ. ಆ ಹೂಂ ನನಗೆ ಸರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಏಳುವ ಮುಂಚೆ ಕಲ್ಯಾಣದುರ್ಗದ ಮೊದಲ ಬಸ್ಸು ಹಿಡಿದೆ. ಅಲ್ಲಿಂದ ಮಡಕಶಿರಾ, ಅಲ್ಲಿಂದ ಆಟೋದಲ್ಲಿ ಅಗಳಿ. ಹುಡುಗಿ ನೋಡಲು ಬಂದ ದಿನ ಅವರು ರತ್ನನ ಮಡಿಲಿಗೆ ಹಾಕಿದ್ದ ರವಿಕೆ ಕಣ ನನ್ನ ಸೆರಗಿನಲ್ಲಿತ್ತು. ನಮ್ಮ ಕಡೆ ಅದನ್ನು ಹಿಂದಕ್ಕೆ ಕೊಟ್ಟರೆ ಮಾತು ಮುಗಿದ ಹಾಗೆ. ಕೊಟ್ಟು ಬರುತ್ತೇನೋ, ಹಾಗೇ ತರುತ್ತೇನೋ ದಾರಿಯುದ್ದಕ್ಕೂ ನನಗೇ ಗೊತ್ತಿರಲಿಲ್ಲ.

ಹುಡುಗನ ತಾಯಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ತಕ್ಕಡಿ ಬಿಟ್ಟಳು.

“ಬನ್ನಿ ಬನ್ನಿ. ಕೊನೇ ಕಂತು ಬರೆದು ಕಳಿಸಿದ್ರಾ ಅವರು?”

“ಕಳಿಸಿದ್ರು.”

“ನಿಮಗೆ ಗೊತ್ತಿರಬೇಕಲ್ಲ ಹಂಗಾದ್ರೆ! ಹೇಳಿ, ಓಡಿ ಹೋಗ್ತಾಳಾ?”

ಮಗನಿಗೆ ಹೆಣ್ಣು ನೋಡಲು ಬಂದ ದಿನ ಆ ಮುಖ ಅಷ್ಟು ಅರಳಿರಲಿಲ್ಲ.

“ಓಡಿ ಹೋದ್ರೆ ನಮ್ಮ ಹುಡುಗಿ ಬೇಡ ಅಂತೀರಾ?” ಅಂದೆ.

“ಅದು ಮತ್ತೆ ಯೋಚನೆ ಮಾಡಬೇಕಾಗ್ತದಲ್ಲ.”

“ಹೋಗದೆ ಇದ್ರೆ?”

ಆಕೆ ಬೆರಳಿಗಂಟಿದ ಬೆಲ್ಲ ಸೆರಗಿಗೆ ಒರೆಸಿಕೊಂಡಳು. “ಹೋಗದೆ ಇದ್ರೆ, ಯಾಕೆ ಹೋಗಲಿಲ್ಲ ಅಂತ ನೋಡಬೇಕಲ್ವಾ?”

ಸೆರಗಿನ ಗಂಟು ಬಿಚ್ಚಿದೆ. ರವಿಕೆ ಕಣ ತೆಗೆದು ತಕ್ಕಡಿಯ ತಟ್ಟೆಯಲ್ಲಿ ಬೆಲ್ಲದ ಪಕ್ಕ ಇಟ್ಟೆ. ಆಕೆ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಅಯ್ಯೋ, ಇದೇನಮ್ಮ? ಏನಾಯ್ತು ಅಂತನಾದ್ರೂ ಹೇಳಿ ಹೋಗಿ” ಅಂತ ಹಿಂದಿನಿಂದ ಕೂಗಿದಳು. ಮಡಕಶಿರಾದ ಆಟೋ ಹೊರಟಿತ್ತು. ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿದೆ.